ಸ್ಟೋರಿನ ಹಲಗೆ, ಮೊಮ್ಮಗಳ ಕಿವಿ

ನನ್ನ ಮೊಮ್ಮಗಳಿಗೆ ಮೂರು ತುಂಬಿದರೂ ಮಾತು ಬರಲಿಲ್ಲ. ಮೊಬೈಲು ಇನ್ನೂ ನಮ್ಮ ಕಡೆ ಕಾಣದ ಕಾಲ. ಪಾಳ್ಯದ ಹತ್ತಿರದ ಎಸ್ಟೇಟಿನಲ್ಲಿ ನಾನು ಕಾಫಿ ಒಣಗಿಸುವ ಕಣ ನೋಡಿಕೊಳ್ಳುತ್ತಿದ್ದೆ. ಸೊಸೆ ಕಾಫಿ ಚೀಲ ಇಡುವ ಸ್ಟೋರಿನಲ್ಲಿ ಬೀಜ ಆರಿಸುತ್ತಿದ್ದಳು. ಮಗು ಅವಳ ಪಕ್ಕದಲ್ಲೇ ಹಲಗೆ ನೆಲದ ಮೇಲೆ ಆಡಿಕೊಂಡಿರುತ್ತಿತ್ತು. ಕಿವಿ ಮಂದವೇನೋ ಎಂದು ಸೊಸೆ ಅಂದಾಗಲೆಲ್ಲ ನಾನು ರೇಗುತ್ತಿದ್ದೆ. ಹಿಂದಿನಿಂದ ಯಾರು ಬಂದರೂ ಮಗು ತಿರುಗಿ ನೋಡುತ್ತಿತ್ತಲ್ಲ! ನನ್ನನ್ನು ಕಂಡರಂತೂ ಎರಡೂ ಕೈ ಚಾಚಿ ನಗುತ್ತಿತ್ತು. ಆ ನಗು ಕಂಡವನಿಗೆ ಬೇರೆ ಸಾಕ್ಷಿ ಯಾಕೆ ಬೇಕು?

ಒಂದು ದಿನ ಅದನ್ನು ಕಣಕ್ಕೆ ಎತ್ತಿಕೊಂಡು ಬಂದೆ. ಒಣಗಿದ ಕಾಫಿ ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಒಳಗಿನ ಬೀಜ ಗಿಲಿಗಿಲಿ ಅನ್ನಬೇಕು. ಆಮೇಲೇ ಚೀಲಕ್ಕೆ ತುಂಬುವುದು. ಆಟಕ್ಕೆಂದು ಮಗುವಿನ ಬೆನ್ನ ಹಿಂದೆ ಅಲುಗಿಸಿದೆ. ತಿರುಗಲಿಲ್ಲ. ಹೆಸರು ಹಿಡಿದು ಕರೆದೆ. ಊಹೂಂ. ಕಣದ್ದು ಸಿಮೆಂಟು ನೆಲ, ಹೆಜ್ಜೆಗೆ ಅದುರುವುದಿಲ್ಲ. ಸ್ಟೋರಿನಲ್ಲಿ ಅದಕ್ಕೆ ನಮ್ಮ ಸುಳಿವು ಕೊಡುತ್ತಿದ್ದುದು ಕಿವಿಯಲ್ಲ, ಕೂತ ಹಲಗೆ ಎಂದು ಹೊಳೆದಾಗ ಕೈಲಿದ್ದ ಕಾಫಿ ಚೆಲ್ಲಿಹೋಯಿತು.

ಅಲ್ಲಿಂದ ಇನ್ನೊಂದು ತುದಿಗೆ ಹಾರಿದೆ. ಮಗು ಪೂರ್ತಿ ಕಿವುಡು ಎಂದು ಕೂಲಿ ಲೈನಿನ ಮನೆಮನೆಗೂ ಹೇಳಿ ಅತ್ತೆ. ತೋರಿಸಲು ಹೋದರೆ ಸಕಲೇಶಪುರದ ಡಾಕ್ಟರು ಇದನ್ನೂ ಒಪ್ಪಲಿಲ್ಲ. ಒಂದು ಸಲ ಕಿವಿಯ ಗುಗ್ಗೆ ತೆಗೆದು ಕಳಿಸಿದರು. ಇನ್ನೊಂದು ಸಲ ಮಗು ಅತ್ತು ಪರೀಕ್ಷೆಯೇ ಆಗಲಿಲ್ಲ. ಮತ್ತೊಂದು ಸಲ ಶೀತ ಇಳಿಯಲಿ ಎಂದರು. ಪ್ರತಿ ಸಲವೂ ಬಸ್ಸಿನಲ್ಲಿ ನಿಂತೇ ಹೋಗಿಬರಬೇಕು. ಹೌದು ಅಥವಾ ಇಲ್ಲ ಎಂದು ಒಂದು ಮಾತು ಹೇಳಲು ಇವರಿಗೇನು ರೋಗ ಎಂದು ಮನೆಯಲ್ಲಿ ಕೂಗಾಡಿದೆ.

ನಾಲ್ಕಕ್ಷರ ಕಲಿತ ಮಗ ನಕ್ಕ. "ಬುದ್ಧ ಏನು ಮರದ ಕೆಳಗೆ ಕೂತ ತಕ್ಷಣ ತಿಳ್ಕೊಂಬುಟ್ನಾ ಅಪ್ಪಾ? ವರ್ಷಗಟ್ಲೆ ಅಲೆದವ್ನೆ. ನಿಂಗೆ ಬಸ್ಸು ಇಳಿಯೋದ್ರೊಳಗೆ ಗೊತ್ತಾಗ್ಬೇಕು."

"ಅವನು ಮಗೀನ ಬುಟ್ಟು ಹೋದೋನು ಕಣೋ," ಅಂದೆ. "ನಾನು ಎತ್ಕೊಂಡು ಓಡಾಡ್ತಿವ್ನಿ."

ಕೊನೆಗೊಮ್ಮೆ ಡಾಕ್ಟರು ಇಷ್ಟು ಹೇಳಿದರು: ಗೆಜ್ಜೆಯಂಥ ಸಣ್ಣ ಸದ್ದು ಒಳಗೆ ಹೋಗುತ್ತಿಲ್ಲ, ಗುಡುಗಿನಂಥ ದಪ್ಪ ಸದ್ದು ಹೋಗುತ್ತಿರಬಹುದು. ಇರಬಹುದಂತೆ! ಮಾರನೆಯ ದಿನವೇ ಕಣದಲ್ಲಿ ಮಗುವಿನ ಹಿಂದೆ ದೂರ ನಿಂತು, ದನ ಕರೆಯುವ ಹಾಗೆ ಎದೆಯಿಂದ 'ಹೋ' ಎಂದೆ.

ತಿರುಗಿತು. ಎರಡೂ ಕೈ ಚಾಚಿತು.

ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಹರಡಿದ ಕಾಫಿಯ ಮೇಲೆಲ್ಲ ಕುಣಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದು ಬೈದದ್ದು ನನಗೂ ಕೇಳಿಸಲಿಲ್ಲ ಅನ್ನಿ.

ಮುಂದಿನ ಸಲ ಹೋದಾಗ, ಹಾಗಾದರೆ ಮಾತು ಬರುತ್ತದಾ ಎಂದು ಕೇಳಿದೆ. ನೋಡೋಣ, ಬರುವ ವಾರ ಬನ್ನಿ ಎಂದರು. ವಾಪಸ್ಸು ಬರುವಾಗ ಬಸ್ಸಿನುದ್ದಕ್ಕೂ ಆ ಡಾಕ್ಟರನ್ನು ಬೈದೆ, ಎದೆಯಾಳದ ದಪ್ಪ ದನಿಯಲ್ಲಿ. ಕಂಕುಳಲ್ಲಿದ್ದ ಮಗು ಒಂದೊಂದು ಬೈಗುಳಕ್ಕೂ ನನ್ನ ಕಡೆ ತಿರುಗಿ ನಗುತ್ತಿತ್ತು.