ಸೀಮೆಸುಣ್ಣದ ನೂರ ಎಪ್ಪತ್ತೈದು

ಮಣಿನಗರ ಸ್ಟೇಷನ್ ಹತ್ತಿರದ ಮಾವನ ಹೋಟೆಲಿನಲ್ಲಿ ನಾನು ಕ್ಯಾಷಿಯರ್. ಚಿಲ್ಲರೆ ತಪ್ಪು ಕೊಡುವುದರಲ್ಲಿ ಇಡೀ ಅಹಮದಾಬಾದಿಗೆ ನಾನೇ ನಂಬರ್ ಒನ್. ಇಂಥ ನನ್ನ ಕೈಗೆ ಮಾವ ಸೂರತ್‌ನ ಅಡಾಜಣ್‌ನಲ್ಲಿ ಇನ್ನೊಂದು ಹೋಟೆಲ್ ತೆರೆಯಲು ಕೂಡಿಟ್ಟ ದುಡ್ಡು ಕೊಟ್ಟು, "ಶೇರಿಗೆ ಹಾಕು" ಅಂದಿದ್ದರು.

ಎದುರು ಮಹಡಿಯಲ್ಲಿದ್ದ ಗುಜರಾತಿ ಬ್ರೋಕರು ದಾರಿ ಹೇಳಿಕೊಟ್ಟ. ಶೇರಿನ ಭಾವ, ಅಂದರೆ ಬೆಲೆ, ಏರಿದ ಹಾಗೆಲ್ಲ ಮಾರುವ ರೇಟನ್ನೂ ಅದಕ್ಕಿಂತ ಸ್ವಲ್ಪ ಕೆಳಗಿಟ್ಟು ಹಿಂದೆಹಿಂದೆ ಏರಿಸುತ್ತ ಬರಬೇಕು. ಭಾವ ಇಳಿದು ಆ ರೇಟಿಗೆ ಮುಟ್ಟಿದರೆ, ಹೆಚ್ಚು ನಷ್ಟವಾಗುವ ಮೊದಲೇ ಅವನು ಮಾರಿಬಿಡುತ್ತಾನೆ. ಆದರೆ ಪಾರ್ಸೆಲ್ ಆರ್ಡರುಗಳಿಂದ ನಮ್ಮ ಫೋನು ಸದಾ ಎಂಗೇಜ್. ಹಾಗಾಗಿ ತಿಂಡಿ ಬರೆಯುವ ಕರಿಹಲಗೆಯ ಮೂಲೆಯಲ್ಲಿ ದಿನಾ ಬೆಳಿಗ್ಗೆ ರೇಟು ಬರೆಯುತ್ತಿದ್ದೆ. ಅವನು ಕಿಟಕಿಯಿಂದ ಓದುತ್ತಿದ್ದ. ಮಸಾಲೆ ದೋಸೆಯ ಕೆಳಗೆ ನೂರ ಎಪ್ಪತ್ತೈದು ಕಂಡ ಗಿರಾಕಿಗಳು ಬರೀ ಚಹಾ ಕುಡಿದು ಎದ್ದದ್ದೂ ಉಂಟು.

ಹಲಗೆಯಲ್ಲಿ ಆ ನೂರ ಎಪ್ಪತ್ತೈದು ಇದ್ದ ದಿನ ಊಟದ ಹೊತ್ತಿಗೆ ಎದುರು ಮಹಡಿಗೆ ಓಡಿ ಅವನ ಸ್ಕ್ರೀನ್ ನೋಡಿದೆ. ಭಾವ ನೂರ ಎಪ್ಪತ್ತೆಂಟು, ಇನ್ನೂ ಇಳಿಯುತ್ತಿತ್ತು. ಮಾರಿದ ಮೇಲೆ ಮತ್ತೆ ಏರಿಬಿಟ್ಟರೆ? ಮಾವನಿಗೆ ಏನು ಹೇಳಲಿ? ರಸ್ತೆ ದಾಟುವಾಗ ಒಂದು ಚಪ್ಪಲಿ ರಿಕ್ಷಾದಡಿ ಉಳಿಯಿತು. ಒದ್ದೆ ಬಟ್ಟೆ ಹಿಡಿದು ಹಲಗೆಯ ಮುಂದೆ ನಿಂತೆ.

"ಎಂತ ಮಾಡ್ತಿ?" ಮಾವ ಗಲ್ಲಾದ ಹತ್ತಿರದಿಂದ ಕೇಳಿದರು.

"ನೂರ ಐವತ್ತಕ್ಕೆ ಇಳಿಸ್ತೇನೆ ಮಾವ. ಪುನಃ ಏರ್ತದೆ ಅದು."

"ಬೆಳಿಗ್ಗೆ ಬರ್ದ ರೇಟು ಸಂಜೆವರೆಗೆ ಒರೆಸ್ಲಿಕ್ಕಿಲ್ಲ. ಈ ಹೋಟ್ಲು ಶುರುವಾದಾಗಿಂದ ಹಾಗೇ."

"ಇದು ದೋಸೆ ಅಲ್ಲ ಮಾವ, ಶೇರು."

"ಎಂತದಾದ್ರೂ ಆಗ್ಲಿ ಮಾರಾಯ. ನಿನ್ನ ಕೈ ನೋಡು, ಹೇಗೆ ನಡುಗ್ತಾ ಉಂಟು. ಆ ಕೈಯಲ್ಲಿ ಸಾಂಬಾರೂ ಬಡಿಸ್ಬೇಡ, ರೇಟೂ ಬರೀಬೇಡ." ಬಟ್ಟೆ ಕಿತ್ತು ಹೆಗಲಿಗೆ ಹಾಕಿಕೊಂಡರು.

ಅಷ್ಟರಲ್ಲಿ ಬ್ರೋಕರು ಕಿಟಕಿಯಿಂದ ಎರಡೂ ಕೈ ಒರೆಸಿಕೊಂಡು ತೋರಿಸಿದ. ನೂರ ಎಪ್ಪತ್ತೈದಕ್ಕೆ ಶೇರು ಮಾರಿ ಆಗಿತ್ತು. ನಾನು ಒಳಗೆ ಹೋಗಿ ಹಿಟ್ಟಿನ ಡ್ರಮ್ಮುಗಳ ಹಿಂದೆ ಕುಳಿತೆ. ಭಾವ ಈಗ ಏರುತ್ತಿರಬೇಕು, ಅಡಾಜಣ್‌ನ ಹೋಟೆಲು ನನ್ನಿಂದ ಮುಳುಗಿರಬೇಕು ಅಂತ ಖಾಲಿ ಅಕ್ಕಿ ಚೀಲ ಹೊದ್ದುಕೊಂಡೆ. ದೋಸೆ ಭಟ್ಟರು ಹಿಟ್ಟು ತೆಗೆಯಲು ಬಂದು, "ಜ್ವರವಾ?" ಅಂದರು.

ಸಂಜೆ ಚಹಾಕ್ಕೆ ಬಂದ ಬ್ರೋಕರು ಹಲಗೆಗೇ ಕೈ ಮುಗಿದ. "ಇದೇ ಬಚಾವ್ ಮಾಡ್ತು, ಭಾಯಿ. ಬಾಜಾರ್ ಏಕ್‌ಸೌ ತೀಸ್ ಪೆ ಬಂದ್ ಹುವಾ."

ನೂರ ಮೂವತ್ತು. ನಾನು ಇಳಿಸಿದ್ದರೆ, ನೂರ ಐವತ್ತು ಮುಟ್ಟುವ ಮೊದಲೇ ಮತ್ತೂ ಇಳಿಸುತ್ತಿದ್ದೆ. ನನ್ನನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆಗ ಮೊದಲಿನದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಅಡಾಜಣ್‌ನ ಹೋಟೆಲು ಶುರುವಾಯಿತು. ಮೊದಲ ದಿನ ಮಾವ ನನ್ನನ್ನೂ ಕರೆದುಕೊಂಡು ಹೋದರು. ಹಲಗೆ ನೇತುಹಾಕಲು ಮಾತ್ರ. ಬರೆಯಲು ಸೀಮೆಸುಣ್ಣ ಕೊಡಲಿಲ್ಲ.