ತಾಳೆಯಲ್ಲದ ತಾಳೆ

ಕರೆಂಟು ಹೋಗಿ ಮಿಕ್ಸಿ ಮೌನವ್ರತ ಹಿಡಿದಿತ್ತು. ಅರೆಯುವ ಕಲ್ಲನ್ನಾದರೂ ದೇವರು ಉಳಿಸಿದ್ದಾನಲ್ಲ ಎಂದು ಕೈಮುಗಿದು, ಅಂಗಳದ ಮೂಲೆಯಲ್ಲಿ ಕೂತು ಚಟ್ನಿಗೆ ಒಣಮೆಣಸಿನಕಾಯಿ ಅರೆಯುತ್ತಿದ್ದೆ. ಸುದ್ದಿ ಬಂದದ್ದು ಆಗಲೇ.

ತಮಿಳು ಸೀಮೆಯ ತೊಂಡಾಮುತ್ತೂರಿನ ನಮ್ಮ ಈ ಮನೆಯಂಗಳದಲ್ಲಿ, ಬೀಸಣಿಗೆಯಂಥ ಎಲೆಯ ಮರವೊಂದಿದೆ. ತಾಳೆಯೆಂದೇ ನಂಬಿ ಅದನ್ನು ನೆಟ್ಟವರು ನಮ್ಮತ್ತೆ. ತಾಳೆಗೆ ತಾಳ್ಮೆ ಬೇಕು, ಅದರ ಎಳೆಗಾಯಿಯೊಳಗಿನ ತಂಪು ತಿರುಳು, ನುಂಗು, ಮೊಮ್ಮಕ್ಕಳಿಗೇ ಸಿಗುವುದು ಎಂದು ಹೇಳಿಹೋಗಿದ್ದರು. ನಾನೂ ಶುಕ್ರವಾರ ತಪ್ಪದೆ ಅರಿಸಿನ ಕುಂಕುಮವಿಟ್ಟು ತಾಳಿಕೊಂಡಿದ್ದೆ. ಅಲ್ಲೇ ಕಾರಿಗೊಂದು ಶೆಡ್ ಕಟ್ಟುವ ಆಸೆ ನಮ್ಮ ಯಜಮಾನರಿಗೆ. ತಾಳೆ ಕಡಿದರೆ ಪಾಪವೆಂಬ ಭಯ ಅವರನ್ನು ತಡೆದಿತ್ತು. ಈಗ ಸಸ್ಯಶಾಸ್ತ್ರ ಕಲಿಸುವ ನನ್ನ ನಾದಿನಿಯ ಮಗಳಿಗೆ ಮರದ ಫೋಟೋ ಕಳಿಸಿದ್ದರು. ಅವಳು ಫೋನಿನಲ್ಲಿರುವಾಗಲೇ ಅಂಗಳಕ್ಕೆ ಓಡಿಬಂದರು.

"ಕೇಳಿದೆಯಾ? ಇದು ಪನಮರವೇ ಅಲ್ಲವಂತೆ, ತಾಳೆಯೇ ಅಲ್ಲ! ಎಲೆತುದಿ ಜಡೆ ಹಂಗೆ ಜೋತುಬಿದ್ದಿದೆ ನೋಡು, ಚೀನಾ ಜಾತಿಯಂತೆ. ನುಂಗೂ ಇಲ್ಲ, ಮಣ್ಣೂ ಇಲ್ಲ. ನಾಳೆಗೇ ಕಡಿಸಿಬುಟ್ಟು ಶೆಡ್ ಹಾಕಾದೇ!"

ಬೇಡವೆನ್ನಲು ಬಾಯಿ ತೆರೆದರೆ ಘಾಟು ಗಂಟಲಿಗೆ ಹೊಕ್ಕಿತು; ಕಣ್ಣಲ್ಲಿ ದಳದಳ ನೀರು. ಮಾತು ಹೊರಡದೆ ಇನ್ನಷ್ಟು ರಭಸದಿಂದ ಅರೆದೆ.

ಕಲ್ಲಿನ ಮೇಲಿನ ಮೆಣಸಿನಕಾಯಿಯನ್ನೂ ನನ್ನ ಕಣ್ಣೀರನ್ನೂ ನೋಡಿ ಅವರು ಎರಡು ಹೆಜ್ಜೆ ಹಿಂದೆ ಸರಿದರು. ನಮ್ಮ ಕಡೆ ಅನ್ಯಾಯವಾದವರು ಆನೈಮಲೈಯ ಮಾಸಾಣಿ ಅಮ್ಮನ ಸನ್ನಿಧಿಯಲ್ಲಿ ಮೆಣಸಿನಕಾಯಿ ಅರೆದು ನ್ಯಾಯದ ಕಲ್ಲಿಗೆ ಹಚ್ಚುತ್ತಾರೆ. ತಪ್ಪಿತಸ್ಥ ಎಲ್ಲಿದ್ದರೂ ಉರಿ ತಪ್ಪದು.

"ಅಯ್ಯೋ, ಇದಕ್ಕೆಲ್ಲಾ ಯಾಕಮ್ಮಾ ಆ ಮಾಸಾಣಿ ಆತಾನ ಕೂಗ್ತೀಯೆ? ಶೆಡ್ ಆ ಪಕ್ಕ ಹಾಕಿದ್ರೂ ಆಯ್ತದೆ!"

"ಏನಾಯ್ತು ಮಾಮಾ?" ಎಂದಿತು ಫೋನು.

"ನಿಮ್ಮತ್ತೆ ಮೇಲಿನ ಕೋರ್ಟಲ್ಲೇ ಕೇಸು ಹಾಕ್ಬುಟ್ಟಳು, ಕಣ್ಣೇ!"

ಅವರು ಒಳಗೆ ಹೋದ ಮೇಲೆ ಮರವನ್ನೇ ನೋಡುತ್ತ ಕೂತೆ. ಇಷ್ಟು ವರ್ಷದ ಕುಂಕುಮ ಚೀನಾದವನ ಹಣೆಗೆ ಹೋಯಿತೇ? ಹೋಗಲಿ, ಅವನೇನೂ ಬೇಡವೆನ್ನಲಿಲ್ಲವಲ್ಲ. ಬೀದಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡವೆಂದು ತಲೆಮಾರುಗಳಿಂದ ಇಲ್ಲಿ ಬೇರೂರಿರುವ ನಮ್ಮನ್ನು ಯಾರಾದರೂ ಎಲೆ ತಿರುವಿ ನೋಡಿ ಕಡಿಯಲು ಹೊರಟರೆ ಹೇಗಿರುತ್ತದೆ, ನೀವೇ ಹೇಳಿ. ಈ ಮಣ್ಣಿನ ನೀರು ಕುಡಿದು ಅತ್ತೆಯ ಅಂಗಳಕ್ಕೆ ನೆರಳಾದವನು ನಮ್ಮವನೇ. ನುಂಗು ಅಂಗಡಿಯಲ್ಲಿ ಸಿಗುತ್ತದೆ.

ಇದು ಬರೀ ಚಟ್ನಿಯೆಂದು ಯಜಮಾನರಿಗೆ ಹೇಳಬೇಕು, ನಿಜ. ಶೆಡ್ಡಿಗೆ ಆ ಪಕ್ಕ ಕಂಬ ನಿಂತ ಮೇಲೆ ಹೇಳಿದರಾಯಿತು. ಕಲ್ಲು ತೊಳೆದ ಖಾರದ ನೀರನ್ನು ಮರದ ಬುಡಕ್ಕೆ ಬೀಳದಂತೆ ದೂರ ಚೆಲ್ಲಿ, ಚಟ್ನಿಗೆ ಒಂದು ಸೌಟು ಎಳ್ಳೆಣ್ಣೆ ಹೆಚ್ಚಾಗಿಯೇ ಸುರಿದು, ಇಡ್ಲಿ ಹೊಯ್ಯಲು ಒಳಗೆ ಹೋದೆ.