ಶೇಂಗಾ ಇಲ್ಲದ ದೇಶದ ಊಟ ಹುಡುಕುತ್ತ

ಯಾದಗಿರಿಯಲ್ಲಿ ಶಹಾಪುರದ ಬಸ್ಸು ಹತ್ತಿ ಕುಂತ ಕೂಡಲೇ ಅಕ್ಕ ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸುತ್ತ, "ಸುರಪುರಕ್ಕ ಉಣ್ಣಾಕ ಹೊಂಟೀವಿ ನೋಡಪ್ಪ, ಮನ್ಯಾಗ ಒಲಿ ಇಲ್ಲದೋರ ಗತೆ" ಎಂದಳು. ಅವನು ನಕ್ಕು ಎರಡು ಶೂನ್ಯ ಟಿಕೆಟ್ ಹರಿದುಕೊಟ್ಟು ಮುಂದೆ ಸರಿದ. ಮಾತು ಅವನಿಗೆ ಆಡಿದ್ದಲ್ಲ, ನನಗೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ನಾವು ಮದುವೆ, ಮಣ್ಣು, ದವಾಖಾನೆ ಅಂತ ಎಷ್ಟೋ ಓಡಾಡಿದ್ದೇವೆ. ಬರೀ ಒಂದು ಹೊತ್ತು ಉಣ್ಣುವುದಕ್ಕೆ ಅರವತ್ತು ಕಿಲೋಮೀಟರ್ ಹೋಗಿದ್ದು ಅದೇ ಮೊದಲು.

ಯಾಕೆ ಹೊರಟೆವು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕನ ಗಂಡ, ನಾವೆಲ್ಲ ಮಾಮಾ ಅನ್ನುತ್ತಿದ್ದವರು, ತೀರಿಕೊಂಡು ಎರಡು ವರ್ಷ ದಾಟಿತ್ತು. ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ಹೋದವರಿಗೆ ಬಲು ಸೇರುತ್ತಿದ್ದ ಒಂದು ಪದಾರ್ಥವನ್ನು ಹತ್ತಿರದವರು ಬಿಡುತ್ತಾರೆ. ವರ್ಷ ತುಂಬಿದ ಮೇಲೆ ಮನೆಯವರು ಯಾರಾದರೂ ಅದರ ಒಂದು ತುತ್ತು ಬಾಯಿಗಿಟ್ಟರೆ ಮುಗಿಯಿತು, ಮತ್ತೆ ಉಣ್ಣಬಹುದು. ಕೆಲವರು ಹಾಗಲಕಾಯಿ ಬಿಡುತ್ತಾರೆ, ಕೆಲವರು ಸೀತಾಫಲ. ಬಿಟ್ಟದ್ದು ಅವರಿಗೇ ಮರೆತುಹೋಗಿರುತ್ತದೆ. ನಮ್ಮಕ್ಕ ಬಿಟ್ಟದ್ದು ಶೇಂಗಾ.

ನಮ್ಮ ಕಡೆ ಶೇಂಗಾ ಬಿಡುವುದೆಂದರೆ ಊಟವನ್ನೇ ಬಿಟ್ಟ ಹಾಗೆ. ಎಣಗಾಯಿಯಲ್ಲಿ ಶೇಂಗಾ, ಚಟ್ನಿಯಲ್ಲಿ ಶೇಂಗಾ, ಉಪ್ಪಿಟ್ಟಿಗೆ ಶೇಂಗಾ, ಹಬ್ಬಕ್ಕೆ ಶೇಂಗಾ ಹೋಳಿಗೆ. ಮಾಮಾನಂತೂ ತಾಟಿನಲ್ಲಿ ಶೇಂಗಾ ಹಿಂಡಿ ಕಾಣದಿದ್ದರೆ ಎದ್ದೇ ಹೋಗುತ್ತಿದ್ದ ಮನುಷ್ಯ. ಆ ಹಿಂಡಿಗೆಂದೇ ಅಕ್ಕ ವಾರಕ್ಕೊಮ್ಮೆ ಶೇಂಗಾ ಹುರಿದು, ಖಾರ ಬೆರೆಸಿ, ಒರಳಲ್ಲಿ ಕುಟ್ಟಿ ಡಬ್ಬಿ ತುಂಬಿಡುತ್ತಿದ್ದಳು. ಮಾಮಾ ಹೋದ ಮೇಲೆ ಅಕ್ಕ ನನ್ನ ಜೊತೆ ಯಾದಗಿರಿಗೆ ಬಂದಳು. ವರ್ಷ ತುಂಬಿದ ದಿನ ನಾನು ತುತ್ತು ಹಿಡಿದುಕೊಂಡು ನಿಂತರೆ ಬಾಯಿ ಬಿಗಿ ಹಿಡಿದು ಕುಂತಳು. ಶೇಂಗಾ ಹಾಕದೆ ಮಾಡಿಕೊಟ್ಟರೆ ಎರಡು ತುತ್ತು ಉಂಡು, "ಸಪ್ಪಗದ, ಸಾಕು" ಅನ್ನುತ್ತಿದ್ದಳು. ಬಳೆಗಳು ಮೊಣಕೈ ತನಕ ಸರಿಯತೊಡಗಿದವು. ದೀಪಾವಳಿ ಮುಂದೆ ನಳದ ಹತ್ತಿರ ತಲೆ ತಿರುಗಿ ಬಿದ್ದಳು. ಡಾಕ್ಟರು ಎಲ್ಲ ತಪಾಸಣೆ ಮಾಡಿಸಿ, ರೋಗ ಏನೂ ಇಲ್ಲ, ಉಣಿಸಿ, ಹೀಗೇ ಬಿಟ್ಟರೆ ಈಕೆ ನಿಮಗೆ ದಕ್ಕುವುದಿಲ್ಲ ಅಂದರು. ನಮ್ಮ ಬುದ್ಧ ವಿಹಾರದ ಭಿಕ್ಷು ಭಂತೇಜಿಯವರೂ, ಇದೆಲ್ಲ ಬೇಕಾಗಿಲ್ಲ ತಾಯಿ ಎಂದು ತಿಳಿಸಿ ಹೇಳಿದರು. ಅವರು ಅತ್ತ ಹೋಗುತ್ತಲೇ ಅಕ್ಕ, "ಅವರಿಗೇನು ಗೊತ್ತು, ದಿನಕ್ಕ ಒಂದೇ ಹೊತ್ತು ಉಣ್ಣೋರು" ಎಂದಳು. ಇಂಥವಳಿಗೆ ಏನು ಹೇಳುತ್ತೀರಿ!

ಹೀಗಿರುವಾಗ ಹುಣಸಗಿಯಿಂದ ಅಕ್ಕನ ಮಗಳು ಫೋನ್ ಮಾಡಿದಳು. "ಚಿಗವ್ವಾ, ಸುರಪುರದ ರಂಗಂಪೇಟ್ಯಾಗ ಒಂದು ಪೆರು ದೇಶದ ಹೋಟೆಲ್ ಆಗ್ಯಾದ. ಬಟಾಟಿ, ಮಟನ್ ಏನೇನೋ ಮಾಡ್ತಾರ. ಚಲೋ ಇರ್ತದ." ನನ್ನ ತಲೆಯಲ್ಲಿ ದೀಪ ಹೊತ್ತಿತು. ನಮ್ಮ ಊಟದಲ್ಲೆಲ್ಲ ಶೇಂಗಾ ಇದ್ದರೆ, ಶೇಂಗಾದ ಹೆಸರೇ ಕೇಳದ ದೇಶದ ಊಟ ಉಣಿಸಿದರಾಯಿತು. ಪೆರು ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ. ಸಮುದ್ರದ ಆಚೆ ಅನ್ನುವಷ್ಟು ಸಾಕಿತ್ತು.

ಎಳ್ಳ ಅಮಾಸಿ ಮುಗಿದು ವಾರವಾಗಿತ್ತು. ಬೆಳಗಿನ ಥಂಡಿಗೆ ಅಕ್ಕ ಸೆರಗು ಕಿವಿ ತುಂಬ ಸುತ್ತಿಕೊಂಡಿದ್ದಳು. ಊರು ದಾಟುತ್ತಲೇ ಭೀಮಾ ನದಿ ಬಂತು. ಬಂಡೆಗಳ ನಡುವೆ ನೀರು ತೆಳ್ಳಗೆ ಹರಿಯುತ್ತಿತ್ತು. ಅದರಾಚೆ ತೆನೆ ಕಟ್ಟಿದ ಜೋಳ, ಅರ್ಧ ಬಿಡಿಸಿದ ಹತ್ತಿ ಹೊಲಗಳು. ಶಹಾಪುರ ಹತ್ತಿರವಾದಂತೆ ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟದ ಸಾಲು ಕಂಡಿತು. ಅಕ್ಕ ಕೈ ಮುಗಿದಳು.

"ಆತನೂ ಉಪವಾಸ ಬಿಟ್ಟ ಮ್ಯಾಲೇ ಬುದ್ಧ ಆಗಿದ್ದು, ನೆನಪಿರಲಿ" ಎಂದೆ.

"ನೀ ಸುಮ್ಮನ ಕುಂದ್ರು" ಎಂದಳು.

ಶಹಾಪುರ ನಿಲ್ದಾಣದಲ್ಲಿ ಬಸ್ಸು ಬದಲಿಸಬೇಕಿತ್ತು. ಕಾಯುವ ಹೊತ್ತಿಗೆ ಎದುರಿನ ಗಾಡಿಯಲ್ಲಿ ಸುಸ್ಲಾ ಮಿರ್ಚಿ ತಗೊಂಡೆ. ಮಂಡಕ್ಕಿಯ ಸುಸ್ಲಾದ ಮೇಲೆ ಹುರಿದ ಶೇಂಗಾ ನೋಡಿ ಅಕ್ಕ ಮುಖ ತಿರುಗಿಸಿ ಬರೀ ಚಹಾ ಕುಡಿದಳು. ಅವಳ ಎದುರು ನಾನೂ ಸುಸ್ಲಾ ಬಿಟ್ಟೆ. ಮಿರ್ಚಿ ಮಾತ್ರ ಬಿಡಲಿಲ್ಲ, ಸುಳ್ಳು ಯಾಕೆ ಹೇಳಲಿ.

ಸುರಪುರದ ಬಸ್ಸು ಗಚ್ಚಾಗಿ ತುಂಬಿತ್ತು. ನಮ್ಮ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು, ನಮ್ಮಷ್ಟೇ ವಯಸ್ಸಿನಾಕೆ, ಕಾಲುವೆ ನೀರಿನ ಗದ್ದೆಗೆ ಸಸಿ ಹಚ್ಚಲು ಹೊರಟಿದ್ದಳು. ಕುಂತು ಸ್ವಲ್ಪ ಹೊತ್ತಿಗೆ ಉಡಿಯಿಂದ ಹುರಿದ ಶೇಂಗಾ ತೆಗೆದು ಅಕ್ಕನ ಮುಂದೆ ಹಿಡಿದಳು.

"ತಗೊ ಅಕ್ಕ."

"ಬ್ಯಾಡವ್ವ, ಬಿಟ್ಟೀನಿ."

ಆಕೆ ಯಾಕೆಂದು ಕೇಳಲಿಲ್ಲ. ಚಾಚಿದ ಕೈ ಹಿಂದಕ್ಕೆ ತಗೊಂಡು, "ಎಷ್ಟು ವರ್ಷಾತು?" ಎಂದಳು. ಅಕ್ಕ ಎರಡು ಬೆರಳು ತೋರಿಸಿದಳು.

"ಎರಡು? ನಮ್ಮವ್ವ ಹೋದಾಗ ನಾ ಬದ್ನಿಕಾಯಿ ಬಿಟ್ಟಿದ್ದೆ. ವರ್ಷಕ್ಕ ನಮ್ಮ ಅಣ್ಣ ಬಾಯಾಗ ತುರುಕಿದ. ಈಗ ಬದ್ನಿಕಾಯಿ ಬಿಟ್ಟು ಬ್ಯಾರೇ ಪಲ್ಯಾ ಮಾಡಂಗಿಲ್ಲ ನಾ" ಎಂದು ನಕ್ಕಳು. ಅಕ್ಕ ನಗಲಿಲ್ಲ. ಆ ಹೆಣ್ಣುಮಗಳು ತಾನು ಇಳಿದುಹೋಗುವ ತನಕ ಒಂದೂ ಶೇಂಗಾ ಒಡೆಯದೆ ಹಾಗೇ ಉಡಿಯಲ್ಲಿ ಇಟ್ಟುಕೊಂಡು ಕುಂತಿದ್ದಳು. ಆ ಮರ್ಯಾದೆ ನನಗೆ ಬಹಳ ಹಿಡಿಸಿತು.

ಸುರಪುರದಲ್ಲಿ ಇಳಿದಾಗ ಬಿಸಿಲು ಏರಿತ್ತು. ಊರ ಸುತ್ತಲಿನ ಗುಡ್ಡದ ಗುಂಡುಗಲ್ಲುಗಳು ಕಾಯತೊಡಗಿದ್ದವು. ಶೇರ್ ಆಟೋದಲ್ಲಿ ರಂಗಂಪೇಟೆಗೆ ಹೋದೆವು. ಹೋಟೆಲ್ ಹುಡುಕುವುದು ಕಷ್ಟವಾಗಲಿಲ್ಲ. ಮೊದಲು ಟೇಲರ್ ಅಂಗಡಿ ಇದ್ದ ಒಂದು ಖೋಲಿ, ನಾಲ್ಕು ಟೇಬಲ್, ಗೋಡೆ ಮೇಲೆ ಹಿಮದ ಬೆಟ್ಟದ ದೊಡ್ಡ ಚಿತ್ರ, ಅದರ ಕೆಳಗೆ "ಕೈ ತೊಳೆಯುವ ಸ್ಥಳ" ಎಂಬ ಬಾಣದ ಗುರುತು. ಮಾಲೀಕ ಇಸ್ಮಾಯಿಲ್ ಭಾಯಿ ಬಾಗಿಲಿಗೇ ಬಂದ. ದೋಹಾದಲ್ಲಿ ಪೆರು ದೇಶದವರ ಹೋಟೆಲಿನಲ್ಲಿ ಬಹಳ ವರ್ಷ ಅಡುಗೆ ಮಾಡಿ, ಇನ್ನು ಸಾಕೆಂದು ಊರಿಗೆ ಬಂದವನು.

"ಬರ್ರಿ ಅಕ್ಕಾರ, ಫ್ಯಾನಿನ ಕೆಳಗ ಕುಂದರ್ರಿ. ರೊಟ್ಟಿ ಬೇಕ್ರೋ, ಅನ್ನ ಬೇಕ್ರೋ?"

"ಪೆರುದಾಗೂ ರೊಟ್ಟಿ ತಿಂತಾರೇನ್ರಿ?" ಎಂದೆ.

"ಇಲ್ಲ ಬಿಡ್ರಿ! ಶುರು ಮಾಡಿದಾಗ ರೊಟ್ಟಿ ಇರಲಿಲ್ಲ. ಮಂದಿ ಬಂದು, ನೋಡಿ, ರೊಟ್ಟಿ ಇಲ್ಲೇನು ಅಂತ ಎದ್ದು ಹೋಗಾಕತ್ತಿದ್ರು. ನಮ್ಮಾಕಿ ಒಂದು ದಿನ ಸಿಟ್ಟಿಗೆದ್ದು ರೊಟ್ಟಿ ಬಡದೇಬಿಟ್ಟಳು. ಅವತ್ತಿನಿಂದ ಹೋಟೆಲ್ ನಡದಾದ." ನಿಂಬೆ ಹಣ್ಣಿನ ರಸದಲ್ಲಿ ನೆನೆಸಿದ ಹಸಿ ಮೀನು ಅವರ ದೇಶದ ದೊಡ್ಡ ಪದಾರ್ಥವಂತೆ. ಒಂದೇ ಸಲ ಮಾಡಿದ್ದನಂತೆ. ಉಣ್ಣಲು ಕುಂತವನೊಬ್ಬ ತಾಟು ಎತ್ತಿಕೊಂಡು ಅಡುಗೆಮನೆಗೇ ಬಂದು, ಭಾಯಿ ಒಲಿ ಹಚ್ಚೋದು ಮರತೀರಿ, ಅಂದನಂತೆ.

ನನಗೆ ಮಟನ್ ಹೇಳಿದೆ. ಉದ್ದುದ್ದ ಸೀಳಿದ ಮಾಂಸವನ್ನು ಉಳ್ಳಾಗಡ್ಡಿ, ಟಮಾಟಿ ಜೊತೆ ದೊಡ್ಡ ಉರಿಯಲ್ಲಿ ಹಾರಿಸಿ, ಅದರಲ್ಲೇ ಕರಿದ ಬಟಾಟಿ ಬೆರೆಸಿ, ಪಕ್ಕದಲ್ಲಿ ಅನ್ನ ಇಟ್ಟು ತಂದರು. ಅಕ್ಕನಿಗೆ ಬಟಾಟಿ ಊಟ: ಬೇಯಿಸಿ ಬಿಲ್ಲೆ ಕೊಯ್ದ ಬಟಾಟಿ ಮೇಲೆ ಹಳದಿ ಬಣ್ಣದ ಗಟ್ಟಿ ಗೊಜ್ಜು, ಅರ್ಧ ಮೊಟ್ಟೆ, ಒಂದು ರೊಟ್ಟಿ. ಅದರಲ್ಲಿ ಶೇಂಗಾ ಇದೆಯೇ ಎಂದು ನಾನು ಕೇಳಲೇ ಇಲ್ಲ. ಸಮುದ್ರದಾಚೆಯವರಿಗೆ ಶೇಂಗಾ ಎಲ್ಲಿಂದ ಬರಬೇಕು ಅನ್ನುವ ಧೈರ್ಯ ನನ್ನದು.

ಅಕ್ಕ ರೊಟ್ಟಿ ಮುರಿದು, ಗೊಜ್ಜಿಗೆ ಅದ್ದಿ ಬಾಯಿಗಿಟ್ಟಳು. ಅಗಿಯುವುದು ಒಂದು ಗಳಿಗೆ ನಿಂತಿತು. ಆಯಿತು, ಇದೂ ಹೋಯಿತು ಅಂದುಕೊಂಡೆ. ಆಮೇಲೆ ನುಂಗಿದಳು. ಮತ್ತೊಂದು ತುತ್ತು ಮುರಿದಳು, ಮತ್ತೊಂದು. ನಾನು ನನ್ನ ತಾಟಿನ ಕಡೆ ನೋಡುವ ನಾಟಕ ಮಾಡುತ್ತ ಕಳ್ಳಗಣ್ಣಿನಲ್ಲಿ ನೋಡುತ್ತಿದ್ದೆ. ರೊಟ್ಟಿ ಮುಗಿಯಿತು. ಅಕ್ಕ ತಲೆ ಎತ್ತದೆಯೇ, "ಇನ್ನೊಂದು ರೊಟ್ಟಿ ಹೇಳು" ಎಂದಳು. ಎರಡು ವರ್ಷದ ಮೇಲೆ ಕೇಳಿದ ಮಾತು ಅದು. ಕೂಗಿ ಹೇಳಿದೆ, ಪಕ್ಕದ ಟೇಬಲಿನವರು ತಿರುಗಿ ನೋಡಿದರು. ನೋಡಲಿ.

ಬಿಸಿ ರೊಟ್ಟಿ ತಂದದ್ದು ಭಾಯಿಯ ಹೆಂಡತಿ. ಅಕ್ಕನ ಕಣ್ಣಲ್ಲಿ ನೀರು ನೋಡಿ ಆಕೆಗೆ ಗಾಬರಿ. "ಖಾರ ಹೆಚ್ಚಾತೇನ್ರಿ ಅಕ್ಕಾರ? ಇನ್ನೊಂದಿಷ್ಟು ಶೇಂಗಾ ಅರದು ಕೂಡಸಲೇನು? ಮೆತ್ತಗಾಗ್ತದ."

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಇದರಾಗ ಶೇಂಗಾ ಅದ ಏನ್ರಿ?"

ಒಳಗಿನಿಂದ ಇಸ್ಮಾಯಿಲ್ ಭಾಯಿಯೇ ಹುರುಪಿನಿಂದ ಉತ್ತರ ಕೊಟ್ಟ. "ಶೇಂಗಾನೇ ಅದರ ಜೀವ ಅಕ್ಕಾರ! ಶೇಂಗಾ, ಹಾಲು, ಪನೀರು, ಮೆಣಸಿನಕಾಯಿ. ನಮ್ಮದು ನಮ್ಮದು ಅಂತೀವಿ, ಶೇಂಗಾ ಬಂದಿದ್ದೇ ಆ ಕಡಿಂದ. ಬಟಾಟಿ, ಟಮಾಟಿ, ಮೆಣಸಿನಕಾಯಿ, ಎಲ್ಲಾ ಅಲ್ಲೀವೇ!"

ಎಂಥಾ ಜಾಣೆ ನಾನು! ಜಗತ್ತಿನ ಅಷ್ಟು ದೇಶ ಬಿಟ್ಟು ಶೇಂಗಾದ ತವರುಮನೆಗೇ ಅಕ್ಕನನ್ನು ಕರಕೊಂಡು ಬಂದಿದ್ದೆ. ಈಗ ಎದ್ದು ಹೋಗುತ್ತಾಳೆ, ಬಚ್ಚಲಿಗೆ ಓಡುತ್ತಾಳೆ, ಇನ್ನು ಈ ಜನ್ಮದಲ್ಲಿ ನಾನು ಕೊಟ್ಟಿದ್ದನ್ನು ಬಾಯಿಗಿಡುವುದಿಲ್ಲ. ಆದರೆ ಅಕ್ಕ ಆ ಹೆಣ್ಣುಮಗಳ ಕಡೆ ನೋಡಿ, "ಬ್ಯಾಡವ್ವ, ಇಷ್ಟೇ ಹದ ಅದ. ಚಲೋ ಹುರದೀ" ಎಂದು, ಎರಡನೆಯ ರೊಟ್ಟಿಯನ್ನೂ ಕೊನೆಯ ಚೂರಿನ ತನಕ ಉಂಡಳು. ತಾಟು ಒರೆಸಿದ ಹಾಗಾಯಿತು. ಬಿಲ್ಲು ಕೊಟ್ಟು ಹೊರಬಂದೆವು.

ತಿರುಗಿ ಬರುವ ಬಸ್ಸು ಖಾಲಿ ಇತ್ತು. ಗದ್ದೆಗಳ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ಸುರಪುರದ ಗುಡ್ಡಗಳು ಹಿಂದೆ ಸರಿದ ಮೇಲೆ ತಡೆಯಲಾಗದೆ ಕೇಳಿದೆ, "ನಿನಗ ಯಾವಾಗ ಗೊತ್ತಾತು?"

"ಮೊದಲನೇ ತುತ್ತಿಗೇ. ಮೂವತ್ತು ವರ್ಷ ಶೇಂಗಾ ಹುರದು ಕುಟ್ಟಿದಾಕಿ ನಾ. ನಾಲಿಗಿ ಮಾರಿ ಬಂದೀನೇನು?"

"ಮತ್ತ ಯಾಕ ಉಗುಳಲಿಲ್ಲ?"

"ಉಗುಳಬೇಕಂದೆ. ಅಷ್ಟ್ರಾಗ ಅವರು ಬಂದ್ರು. ತಾಟಿನ ಮುಂದ ಕುಂತು, ಹಿಂಡಿ ಎಲ್ಲಿ ಅಂತ ಒದರಿದಂಗಾತು. ಅವರನ್ನ ನೆನಸಿಕೋತನೇ ನುಂಗಿದೆ. ಎರಡನೇ ತುತ್ತಿಗೂ ಅಲ್ಲೇ ಇದ್ರು." ಅಕ್ಕ ಕಿಟಕಿಯ ಸರಳು ಹಿಡಿದುಕೊಂಡಳು. "ಆಮ್ಯಾಲ ಮರತುಬಿಟ್ಟೆ ಸುಜಾತಾ. ಹಸದಿದ್ದೆ. ಬರೇ ಉಂಡೆ. ತಾಟು ಖಾಲಿ ಆದ ಮ್ಯಾಲೇ ಅವರ ನೆನಪು ಬಂತು. ಅಷ್ಟೊತ್ತು ಎಲ್ಲಿದ್ರು ಅವರು?"

ನಾನು ಅವಳ ಹತ್ತಿರ ಸರಿದು ಕುಂತೆ.

"ನೀವೆಲ್ಲಾ ರೂಢಿ ಅಂದ್ರಿ, ಹಟ ಅಂದ್ರಿ. ಅಲ್ಲವ್ವ. ಎರಡು ಹೊತ್ತು ತಾಟಿನ ಮುಂದ ಕುಂತು, ಇದು ನಾ ತಿನ್ನಂಗಿಲ್ಲ ಅನ್ನೂಮುಂದ ಅವರು ಬರತಿದ್ರು. ದಿನಾ ಬರತಿದ್ರು. ಹೊಟ್ಟಿತುಂಬ ಉಂಡ್ರ ಬರೂದಿಲ್ಲ ಅಂತ ಹೆದರಿಕಿ ಇತ್ತು ನನಗ. ಹಂಗೇ ಆತು ನೋಡು." ಹಾಗೆಂದು ಬಿಕ್ಕಿ ಬಿಕ್ಕಿ ಅತ್ತಳು. ಮಾಮಾ ಸತ್ತ ದಿನ ಕೂಡ ಹೀಗೆ ಅತ್ತವಳಲ್ಲ. ನಾನೂ ಅತ್ತೆ. ಅವಳು ಉಪವಾಸ ಮಾಡುತ್ತಿದ್ದಾಳೆಂದು ನಾವು ತಿಳಿದಿದ್ದೆವು. ಅವಳು ಗಂಡನ ಜೊತೆ ಕುಂತು ಉಣ್ಣುತ್ತಿದ್ದಳು.

ಶಹಾಪುರದಲ್ಲಿ ಬಸ್ಸು ಬದಲಿಸಿದೆವು. ಯಾದಗಿರಿಯ ತನಕ ಅಕ್ಕ ಕಣ್ಣು ಮುಚ್ಚಿ ಕುಂತಿದ್ದಳು. ಇನ್ನು ಮುಂದೆ ಇವಳು ಉಣ್ಣುತ್ತಾಳೋ, ಇದ್ದಿದ್ದನ್ನೂ ಬಿಡುತ್ತಾಳೋ ಎಂದು ನನಗೆ ದಾರಿ ಉದ್ದಕ್ಕೂ ಅದೇ ಚಿಂತೆ. ಕರಕೊಂಡು ಹೋಗಿದ್ದು ತಪ್ಪಾಯಿತೇ ಎಂದು ಕೇಳುವ ಧೈರ್ಯವೂ ಬರಲಿಲ್ಲ.

ಯಾದಗಿರಿಯಲ್ಲಿ ಇಳಿದಾಗ ದೀಪ ಹತ್ತಿದ್ದವು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಜನರಿಂದ ಸ್ವಲ್ಪ ಆಚೆ ಸರಿದು ನಿಂತು, ನಾಚಿಕೊಂಡ ಹಾಗೆ ಸಣ್ಣ ದನಿಯಲ್ಲಿ ಹೇಳಿದಳು: "ನನಗ ಮತ್ತ ಹಸಿವಾಗ್ಯಾದ."

ನಾನು ಆಟೋ ಕೈ ಮಾಡಿ ನಿಲ್ಲಿಸಿದೆ. ಬಾಡಿಗೆ ಎಷ್ಟೆಂದು ಕೇಳಲೂ ಇಲ್ಲ. ಅಕ್ಕನ ರಟ್ಟೆ ಹಿಡಿದು ಹತ್ತಿಸಿ, "ಲಗೂ ನಡಿಯಪ್ಪ, ನಮ್ಮಕ್ಕಗ ಹಸಿವಾಗ್ಯಾದ" ಎಂದೆ.